ಮೆತ್ತಗಿನ ಬಾಣ

ತನ್ನ ಕೈಯಿಂದಲೇ ಇಳಿಸಬೇಕಂತೆ. ಬೇರೆ ಯಾರೂ ಮುಟ್ಟುವುದಿಲ್ಲವಂತೆ, ಮೆರವಣಿಗೆ ಹೊರಡುವ ಮೊದಲೇ ಆಗಬೇಕಂತೆ. ತಿಮಾರೆತೆ ಅಂಗಳದ ಕಲ್ಲುತೊಟ್ಟಿಯಿಂದ ನೀರು ಮೊಗೆದು ಮುಖಕ್ಕೆ ಎರಚಿಕೊಂಡಳು. ನೀರು ತಣ್ಣಗಿತ್ತು, ತಲೆ ಮಾತ್ರ ನಿನ್ನೆಯಿಂದ ಕಾದೇ ಇತ್ತು. ಈ ಮಾತನ್ನು ಬಿತ್ತೊ ತಾನೇ ಬಂದು ಹೇಳಿದ್ದರೆ ಅದೊಂದು ರೀತಿ. ಗುಡಿ ಗುಡಿಸುವ ಹೆಂಗಸಿನ ಬಾಯಲ್ಲಿ ಹೇಳಿಕಳಿಸಿದ್ದಳು. ಆರ್ತೆಮಿಸ್ ದೇವಿಯ ಪೂಜಾರಿಣಿಯಾದ ಮೇಲೆ ಬಿತ್ತೊ ಯಾರ ಮನೆಯ ಹೊಸಿಲನ್ನೂ ತುಳಿಯುವುದಿಲ್ಲ. ಇದೇ ಬಿತ್ತೊ ಹುಡುಗಿಯಾಗಿದ್ದಾಗ ಕುಣಿತದ ಸಾಲಿನಲ್ಲಿ ಹೆಜ್ಜೆ ತಪ್ಪಿ ಎಡಕ್ಕೆ ಹೋದಾಗಲೆಲ್ಲ ಅವಳ ಸೊಂಟ ಹಿಡಿದು ಬಲಕ್ಕೆ ಎಳೆಯುತ್ತಿದ್ದವಳು ಯಾರು? ಹೋಗಲಿ ಬಿಡು ಎಂದು ತಿಮಾರೆತೆ ತನಗೆ ತಾನೇ ಹೇಳಿಕೊಂಡಳು. ಆದರೆ ಬಿಡುವ ಜಾಯಮಾನ ಅವಳದಲ್ಲ. ಗಂಡ ಕಡಲಲ್ಲಿ ಮುಳುಗಿ ಸತ್ತ ವರ್ಷವೂ ಅವಳು ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ, ಈಗ ಐವತ್ತು ದಾಟಿದ ಮೇಲೆ ಹೊಸದಾಗಿ ಕಲಿಯುವುದು ಹೇಗೆ.

ಇಳಿಸಬೇಕಾದದ್ದು ಮಗಳು ಮಿರ್ತೊಳ ಬಟ್ಟೆ. ಕೇಸರಿ ಬಣ್ಣದ್ದು, ಅಂಚಿಗೆ ಜಿಂಕೆಗಳ ಸಾಲು. ಮಿರ್ತೊ ಬಸುರಿಯಾಗಿದ್ದಾಗ ಮಗ್ಗದ ಮುಂದೆ ನಿಂತು ತಾನೇ ನೇಯ್ದದ್ದು, ಆತುರಗೇಡಿ, ಒಂದು ಜಿಂಕೆಗೆ ಕೊಂಬು ಹಾಕುವುದನ್ನೇ ಮರೆತಿದ್ದಳು. ಹೆತ್ತು ಬದುಕಿದವಳು ತನ್ನ ಒಳ್ಳೆಯ ಬಟ್ಟೆಯೊಂದನ್ನು ತಂದು ಗುಡಿಯ ಒಳಗೋಡೆಗೆ ತೂಗುಹಾಕಬೇಕು, ಅದು ದೇವಿಗೆ ಸಲ್ಲುವ ಕಾಣಿಕೆ. ಹೆರಿಗೆಯಲ್ಲಿ ಸತ್ತವಳ ಬಟ್ಟೆ ಒಳಗೆ ಬರುವ ಹಾಗಿಲ್ಲ. ಅದು ಗುಡಿಯ ಹಿಂದೆ, ಬಂಡೆಯ ಸಂದಿಯಲ್ಲಿ, ಯಾವ ಕಾಲದಲ್ಲೋ ಸತ್ತ ಒಬ್ಬ ಪೂಜಾರಿಣಿಯ ಸಮಾಧಿಗೆ ಹೋಗುತ್ತದೆ. ಅಲ್ಲಿ ಬಿಸಿಲಿಲ್ಲ, ಗಾಳಿಯಿಲ್ಲ, ಬಟ್ಟೆಗಳು ಒಂದರ ಮೇಲೊಂದು ಬಿದ್ದು ಕೊಳೆಯುತ್ತವೆ. ಸೂತಕ ಕಳೆದ ದಿನ ತಿಮಾರೆತೆ ಬಟ್ಟೆ ಹಿಡಿದು ಆ ಬಂಡೆಯವರೆಗೂ ಹೋಗಿದ್ದಳು. ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ತಿರುಗಿ ಬಂದು ಸೀದಾ ಗುಡಿಯೊಳಗೆ ನುಗ್ಗಿ ಗೋಡೆಯ ಗೂಟಕ್ಕೆ ಹಾಕಿಬಿಟ್ಟಳು. ಮಿರ್ತೊ ಹೆತ್ತಿದ್ದಾಳೆ, ಮಗು ಅತ್ತದ್ದನ್ನು ಕೇಳಿದ್ದಾಳೆ, ಹೆಣ್ಣೋ ಗಂಡೋ ಎಂದು ವಿಚಾರಿಸಿ ಹೆಣ್ಣೆಂದಾಗ ನಕ್ಕಿದ್ದಾಳೆ. ಸೋತವಳು ಹಾಗೆ ನಗುತ್ತಾಳೆಯೇ? ಚಳಿಗಾಲವೆಲ್ಲ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ತಿಮಾರೆತೆಯನ್ನು ಕೇಳುವ ಎದೆ ಈ ಊರಿನಲ್ಲಿ ಯಾರಿಗಿದೆ? ಆದರೆ ಮೊನ್ನೆ ಕುಂಬಾರನ ಸೊಸೆ, ದಿನ ತುಂಬಿದ ಬಸುರಿ, ಎಲ್ಲ ಬಸುರಿಯರ ಹಾಗೆ ಗೋಡೆಯ ಬಟ್ಟೆ ಹಿಡಿದು ಹೊಟ್ಟೆಗೆ ಒತ್ತಿಕೊಳ್ಳಲು ಬಂದಿದ್ದಳು. ಅವಳ ಕೈಗೆ ಸಿಕ್ಕಿದ್ದು ಮಿರ್ತೊಳ ಬಟ್ಟೆ. ಅದು ಯಾರದೆಂದು ಪಕ್ಕದಲ್ಲಿದ್ದವಳು ಯಾರೋ ಹೇಳಿದಳು. ಹುಡುಗಿ ಅಳುತ್ತ ಮನೆಗೆ ಓಡಿದಳಂತೆ, ಅಂದಿನಿಂದ ತುತ್ತು ಬಾಯಿಗಿಡುತ್ತಿಲ್ಲವಂತೆ. ತಪ್ಪು ತನ್ನದೇ ಎಂದು ತಿಮಾರೆತೆಗೆ ಗೊತ್ತು. ಗೊತ್ತಿದ್ದೂ ಆ ಬಟ್ಟೆಯನ್ನು ಬಂಡೆಯ ಸಂದಿಗೆ ಎಸೆಯಲು ಮನಸ್ಸು ಒಪ್ಪುತ್ತಿಲ್ಲ.

ಇವತ್ತು ಹಬ್ಬ. ಹುಡುಗಿಯರ ಸಾಲನ್ನು ಮುಂದೆ ನಿಂತು ನಡೆಸುವವಳು ಅವಳೇ, ಹಾಡು ಕಟ್ಟಿದವಳೂ ಅವಳೇ. ಅವಳು ಒಂದೊಂದು ಸಾಲು ಎತ್ತಿಕೊಡಬೇಕು, ಹುಡುಗಿಯರು ಅದನ್ನು ಹಿಂದೆಯೇ ಹೇಳಬೇಕು, ಇದು ಕ್ರಮ. ಈ ಊರಿನಲ್ಲಷ್ಟೇ ಅಲ್ಲ, ಎದುರಿಗಿನ ಸಾಮೊಸ್ ದ್ವೀಪದಲ್ಲಿ, ಮಿಲೇತೊಸ್ ಪಟ್ಟಣದಲ್ಲಿ ಕೂಡ ಹುಡುಗಿಯರ ಬಾಯಲ್ಲಿ ಇದೇ ಹಾಡು. ಹಳೆಯ ಯುದ್ಧದ ಹಾಡುಗಳನ್ನು ಊರೂರು ತಿರುಗಿ ಹಾಡುವ, ಕೋಲು ಹಿಡಿದ ಹಾಡುಗಾರನೊಬ್ಬ ಒಮ್ಮೆ ಈ ಅಂಗಳದಲ್ಲೇ ಕೂತು ಅಂಜೂರ ತಿನ್ನುತ್ತ, ಇದನ್ನು ಹೆಂಗಸು ಕಟ್ಟಿದ್ದೆಂದರೆ ನಂಬುವುದು ಕಷ್ಟ ಎಂದಿದ್ದ. ನಂಬದಿದ್ದರೆ ಅಂಜೂರ ಕೆಳಗಿಡು ಎಂದಿದ್ದಳು ತಿಮಾರೆತೆ. ಆ ಹಾಡಿನಲ್ಲೂ ಎಲ್ಲರ ನಾಲಗೆಯ ಮೇಲೆ ನಿಂತದ್ದು ಒಂದು ಸಾಲು: ಮೆತ್ತಗೆ ಬರುವುದು ತಾಯೇ ನಿನ್ನ ಬಾಣ, ನಿದ್ದೆ ಬಂದ ಹಾಗೆ. ಹೆರಿಗೆಯ ನೋವಾಗಲಿ, ಆ ನೋವಿನಲ್ಲಿ ಬರುವ ಸಾವಾಗಲಿ, ಆರ್ತೆಮಿಸ್ ಬಿಟ್ಟ ಬಾಣ ಎನ್ನುವುದು ಇಲ್ಲಿಯ ಹೆಂಗಸರ ವಾಡಿಕೆ. ಬಾಣಕ್ಕೆ ಹೆದರುವವರಿಗೆ ಆ ಸಾಲು ದೊಡ್ಡ ಸಮಾಧಾನವಾಗಿತ್ತು. ಬಸುರಿಯರು ಅದನ್ನು ಗುನುಗುತ್ತ ಜವೆಗೋಧಿ ಬೀಸುತ್ತಿದ್ದರು. ಕೇರಿಯಲ್ಲಿ ನಡೆಯುವಾಗ ಒಂದೊಂದು ಮನೆಯಿಂದಲೂ ತನ್ನ ಸಾಲು ಕೇಳಿಬರುವುದೆಂದರೆ ಸಣ್ಣ ಮಾತೇ? ತಿಮಾರೆತೆ ಬೇಕೆಂದೇ ನಿಧಾನವಾಗಿ ನಡೆಯುತ್ತಿದ್ದಳು. ಈಗ ಒಂದು ಚಳಿಗಾಲದಿಂದ ಆ ಸಾಲನ್ನು ಅವಳು ಬಾಯಿಬಿಟ್ಟು ಹೇಳಿಲ್ಲ. ಅಭ್ಯಾಸ ಮಾಡಿಸುವಾಗ ಅಲ್ಲಿಗೆ ಬರುವ ಹೊತ್ತಿಗೆ ಕೆಮ್ಮುತ್ತಾಳೆ, ನೀರು ಕೇಳುತ್ತಾಳೆ, ಕುಣಿತದ ಸಾಲಿನಲ್ಲಿ ಮೊದಲು ನಿಲ್ಲುವ ಹುಡುಗಿ ಗ್ಲೌಕೆಗೆ ನೀನೇ ಹೇಳು ಎನ್ನುತ್ತಾಳೆ. ಹುಡುಗಿಯರು ಮುಖ ಮುಖ ನೋಡಿಕೊಳ್ಳುತ್ತಾರೆ. ಬದಲಿಸೋಣವೆಂದರೆ ಅದೂ ಆಗದು. ದೇವಿಗೆ ಒಪ್ಪಿಸಿದ್ದು ದೇವಿಯದು, ಕಟ್ಟಿದವಳೂ ಅದರ ಒಂದಕ್ಷರ ಮುಟ್ಟುವಂತಿಲ್ಲ.

ಅವಳು ತಲೆ ಬಾಚಿಕೊಳ್ಳುತ್ತಿರುವಾಗ ಅಳಿಯ ಫಾನಿಯಸ್ ಬಂದ. ಆಲಿವ್ ಎಣ್ಣೆಯನ್ನು ಹಡಗಿನಲ್ಲಿ ಮಿಲೇತೊಸ್‌ಗೆ ಸಾಗಿಸುವವನು, ಅಲ್ಲಿ ಎಣ್ಣೆ ಇಳಿಸಿ ಬರುವಾಗ ತಲೆಯಲ್ಲಿ ಹೊಸ ಹೊಸ ಮಾತುಗಳನ್ನು ತುಂಬಿಕೊಂಡು ಬರುವವನು. ಒಳ್ಳೆಯವನು, ಅದೇ ಕಷ್ಟ. ಹೆಂಡತಿಯನ್ನು ನುಂಗಿ ಹುಟ್ಟಿದ ಹೆಣ್ಣುಮಗುವನ್ನು ಬೇರೆ ಯಾವ ಅಪ್ಪನಾದರೂ ಗುಡ್ಡದ ಮೇಲೆ ಬಿಟ್ಟುಬರಲು ಹೇಳುತ್ತಿದ್ದನೋ ಏನೋ. ಇವನು ಯಾರೂ ಕೇಳುವ ಮೊದಲೇ ನೆಲದಿಂದ ಎತ್ತಿಕೊಂಡು ಎದೆಗಿಟ್ಟುಕೊಂಡಿದ್ದ.

"ಬನ್ನಿ ಅಳಿಯಂದ್ರೆ, ಕೂತ್ಕೊಳಿ. ಮಗು ಹೇಗಿದೆ?"

"ಹಾಲು ಕುಡಿದು ಮಲಗಿದೆ ಅತ್ತೆ. ಬೆಳಗಾದ್ರೆ ಸಾಕು, ರಂಪ. ಅಜ್ಜಿ ಗಂಟಲೇ ಬಂದಿದೆ ಅಂತಾಳೆ ಹಾಲೂಡೋಳು."

ತಿಮಾರೆತೆಗೆ ಖುಷಿಯಾಯಿತು. ಅದನ್ನು ತೋರಿಸಿಕೊಳ್ಳದೆ ಬಾಚಣಿಗೆಯ ಕೂದಲು ತೆಗೆಯುತ್ತ ಕೂತಳು.

"ಬಟ್ಟೆ ವಿಷ್ಯ ಕೇಳ್ದೆ," ಎಂದ ಫಾನಿಯಸ್. "ನಿಮಗ್ಯಾಕೆ ಆ ಸಂಕಟ? ನಾನೇ ಹೋಗಿ ಇಳಿಸ್ಕೊಂಡು ಬರ್ತೀನಿ."

"ನಿಮ್ಮ ಕೈಲಾಗಲ್ಲ. ನಾನೇ ಇಳಿಸ್ಬೇಕಂತೆ, ದೊಡ್ಡವರ ಅಪ್ಪಣೆ."

"ಒಳಗಿದ್ರೇನು ಹೊರಗಿದ್ರೇನು ಅತ್ತೆ, ಬಟ್ಟೆ ಬಟ್ಟೇನೇ. ದೇವರು ಅನ್ನೋದು ಇದ್ರೂ ಅದಕ್ಕೆ ನಮ್ಮ ಹಾಗೆ ಮೈ ಇರಲ್ಲ, ಉಡೋಕೆ ತೊಡೋಕೆ ಬೇಕಾಗಲ್ಲ. ಮಿಲೇತೊಸಲ್ಲಿ ಈಗ ತಿಳಿದೋರೆಲ್ಲ ಇದನ್ನೇ ಹೇಳ್ತಿದಾರೆ. ಗುಡುಗು ಅಂದ್ರೇನು? ಮೋಡದೊಳಗೆ ಸಿಕ್ಕಿಕೊಂಡ ಗಾಳಿ ಹರ್ಕೊಂಡು ಬರೋ ಸದ್ದು. ಮೇಲೆ ಕೂತು ಯಾರೂ ಏನೂ ಎಸೀತಾ ಇಲ್ಲ."

"ಹಾಗಾದ್ರೆ ಮಿಲೇತೊಸಲ್ಲಿ ಗುಡುಗಿಗೆ ಹೆದರೋದು ಬಿಟ್ಟಿದ್ದಾರೆ ಅನ್ನಿ."

ಫಾನಿಯಸ್ ನಕ್ಕ. "ನಮ್ಮಮ್ಮ ಈಗ್ಲೂ ಕಂಬಳಿ ಹೊದ್ಕೋತಾಳೆ." ಆಮೇಲೆ ನಗು ನಿಲ್ಲಿಸಿ, ಅವಳ ಮುಖ ನೋಡದೆ ಹೇಳಿದ: "ಅತ್ತೆ, ಒಂದು ಮಾತು. ದೇವಿ ಮೇಲೆ ಸಿಟ್ಟು ಇಟ್ಕೊಂಡು ಒಳಗೊಳಗೇ ಕೊರಗಬೇಡಿ. ಮಿರ್ತೊಗೆ ಯಾರೂ ಬಾಣ ಬಿಡಲಿಲ್ಲ. ರಕ್ತ ನಿಲ್ಲಲಿಲ್ಲ, ಅಷ್ಟೆ."

ಅಷ್ಟೆ. ಅವನು ಹೋದ ಮೇಲೂ ಆ ಮಾತು ಅಂಗಳದಲ್ಲೇ ಉಳಿಯಿತು. ಅವನು ಸಮಾಧಾನಕ್ಕೆ ಹೇಳಿದ್ದೆಂದು ಗೊತ್ತಿದ್ದರೂ ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಗಿತ್ತು. ದೇವಿ ಕೊಂದಳು ಎಂದರೆ ಅದಕ್ಕೊಂದು ಘನತೆಯಿದೆ. ದೇವಿ ಬೆಟ್ಟ ಇಳಿದು, ಈ ಕೇರಿ ಹುಡುಕಿಕೊಂಡು, ತನ್ನ ಮಗಳ ಬಾಗಿಲಿಗೆ ಬಿಲ್ಲು ಹಿಡಿದು ಬಂದಳು ಎಂದರೆ ಆ ಮನೆಯಲ್ಲಿ ಗುರಿ ಇಡುವಂಥ ಜೀವವೊಂದಿತ್ತು ಎಂದು ಅರ್ಥ. ದೊಡ್ಡವಳ ಜೊತೆಗಿನ ಹಗೆಯನ್ನು ಎದೆಯಲ್ಲಿಟ್ಟುಕೊಂಡು ಬದುಕಬಹುದು. ಅಷ್ಟೆ ಎಂದರೆ ಏನು ಉಳಿಯುತ್ತದೆ? ಹಾಸಿದ ಹುಲ್ಲು, ಅದರ ಮೇಲೆ ರಕ್ತ. ಆ ಹುಲ್ಲನ್ನು ಕೈಯಾರೆ ಬಳಿದು ಹೊರಗೆ ಹಾಕಿದವಳು ತಾನು. ಹುಲ್ಲಿನಲ್ಲಿ ಬಾಣ ಕಾಣಲಿಲ್ಲ ಎಂಬುದೂ ನಿಜ. ಒಂದು ಸಲವೂ ಹೆರದ ಈ ಕನ್ಯೆ ದೇವಿಗೆ ಲೋಕದ ಹೆರಿಗೆಯೆಲ್ಲದರ ಉಸ್ತುವಾರಿ ಕೊಟ್ಟವರು ಯಾರು ಎಂಬ ಪ್ರಶ್ನೆ ಎದ್ದಿತು, ಎದ್ದೊಡನೆ ತಿಮಾರೆತೆ ಬಾಗಿಲ ಕಡೆ ನೋಡಿದಳು, ಯಾರೋ ಕೇಳಿಸಿಕೊಂಡರೇನೋ ಎಂಬಂತೆ. ಅಳಿಯನ ಗಾಳಿ ತನಗೂ ಬಡಿದಿದೆ. ಆದರೆ ಅವನ ಜೊತೆ ಸೇರಲು ಅವಳಿಂದಾಗದು, ಬಿತ್ತೊಳ ಜೊತೆ ಸೇರಲೂ ಆಗದು. ಅವನ ಪ್ರಕಾರ ಬಾಣವೇ ಇಲ್ಲ, ಬಿತ್ತೊಳ ಪ್ರಕಾರ ಬಾಣವನ್ನು ದೂರಿ ಮಾತು ಆಡಬಾರದು.

ಆದರೆ ಮಿರ್ತೊ ಆ ಮಾತು ಆಡಿದ್ದಳು. ಅದನ್ನು ತಿಮಾರೆತೆ ಯಾರಿಗೂ ಹೇಳಿಲ್ಲ, ಅಳಿಯನಿಗೂ. ಸೂಲಗಿತ್ತಿ ಬಿಸಿನೀರಿಗೆಂದು ಹೊರಗೆ ಹೋಗಿದ್ದ ಹೊತ್ತು, ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಂದು ಮಿರ್ತೊಳ ಮಂಡಿಯ ಮೇಲೆ ಬಿದ್ದಿತ್ತು, ಬೆವರಿಗೆ ಮಂಡಿ ಮಿನುಗುತ್ತಿತ್ತು. ಮಗಳ ಬೆನ್ನು ನೀವುತ್ತ ತಿಮಾರೆತೆ ಹಾಡು ಹೇಳುತ್ತಿದ್ದಳು, ಇನ್ನಾವುದನ್ನು ಹೇಳುತ್ತಾಳೆ, ತನ್ನದನ್ನೇ. ಆ ಸಾಲಿಗೆ ಬಂದಾಗ ಮಿರ್ತೊ ಅವಳ ಮಣಿಕಟ್ಟು ಹಿಡಿದಳು. ಅಮ್ಮ, ಎಲ್ಲರಿಗೂ ಮೆತ್ತಗೆ ಬರುತ್ತೆ ಅಂತೀಯ, ನನಗ್ಯಾಕಮ್ಮ ಹೀಗೆ, ನಾನೇನು ತಪ್ಪು ಮಾಡ್ದೆ ಎಂದಳು. ಹಾಡಿನಲ್ಲಿ ಹೇಳಿದಂತೆ ಆಗುತ್ತಿಲ್ಲವಾದ್ದರಿಂದ ತನ್ನಲ್ಲೇ ಏನೋ ಐಬಿದೆ ಎಂದುಕೊಂಡಿದ್ದಳು ಹುಚ್ಚು ಹುಡುಗಿ. ಆಗ ತಾಯಿಯಾದವಳು ಏನು ಮಾಡಬೇಕಿತ್ತು? ಅಪ್ಪಿಕೊಳ್ಳಬೇಕಿತ್ತು. ಸುಳ್ಳು ಕಣೆ ಅದು, ಚಿಕ್ಕ ವಯಸ್ಸಿನಲ್ಲಿ ಏನೂ ಗೊತ್ತಿಲ್ಲದೆ ಕಟ್ಟಿದ್ದು, ನೀನು ಹುಟ್ಟುವಾಗ ನನಗೆ ಸಲೀಸಾಗಿತ್ತು, ಎಲ್ಲರಿಗೂ ಹಾಗೇ ಎಂದುಕೊಂಡೆ ಎನ್ನಬೇಕಿತ್ತು. ತಿಮಾರೆತೆಗೆ ಮುಖ ಬಿಸಿಯಾಗಿತ್ತು. ಅಲ್ಲಿ, ಆ ಹೊತ್ತಿನಲ್ಲಿ, ತನ್ನ ಸಾಲಿನಲ್ಲಿ ತಪ್ಪು ಹಿಡಿದಳೆಂದು ಅವಳಿಗೆ ಸಿಟ್ಟು ಬಂದಿತ್ತು. ಸುಮ್ನಿರು, ಊರೆಲ್ಲ ಹಾಡುತ್ತೆ ಅದನ್ನ, ನಿನ್ನೊಬ್ಬಳಿಗೆ ಸರಿಯಿಲ್ವಾ ಎಂದಿದ್ದಳು, ಎಂದು ಇನ್ನೂ ಗಟ್ಟಿಯಾಗಿ ಹಾಡಿದ್ದಳು. ಮಿರ್ತೊ ಗೋಡೆಯ ಕಡೆ ಮುಖ ಮಾಡಿ, ಮೆತ್ತಗಲ್ಲ, ಹೊಡೆಸ್ಕೊಂಡೋಳಿಗೆ ಗೊತ್ತು ಎಂದಳು. ಆಮೇಲೆ ಮಗು ಬಂತು, ಮಿರ್ತೊ ನಕ್ಕಳು, ಬಿಸಿಲು ಕಿಟಕಿ ಬಿಟ್ಟು ಹೋಗುವಷ್ಟರಲ್ಲಿ ಅವಳೂ ಹೋದಳು. ತಿಮಾರೆತೆ ಎದ್ದು ತಲೆಗೆ ಮುಸುಕು ಹಾಕಿಕೊಂಡು ಗುಡಿಯ ಕಡೆ ಹೊರಟಳು.

ಗುಡಿಯ ಅಂಗಳದಲ್ಲಿ ಆಗಲೇ ಜನ. ಬಲಿಯ ಆಡಿನ ಕೊಂಬಿಗೆ ಹೂ ಸುತ್ತಿ ಕಟ್ಟಿದ್ದರು, ಅದು ಪಕ್ಕದ ಹುಡುಗಿಯ ಹೂಮಾಲೆಗೆ ಬಾಯಿ ಹಾಕುತ್ತಿತ್ತು. ಕೇಸರಿ ಉಟ್ಟ ಹುಡುಗಿಯರು ಅವಳನ್ನು ಕಂಡು ಮಾತು ನಿಲ್ಲಿಸಿದರು. ಗ್ಲೌಕೆ ಮಾತ್ರ, "ಗಂಟಲು ಹೇಗಿದೆ ಅಮ್ಮಾ?" ಎಂದಳು. ಚೆನ್ನಾಗಿದೆ ಎಂದು ತಿಮಾರೆತೆ ಒಳಗೆ ನಡೆದಳು. ಒಳಗೆ ದೇವಿ ತನ್ನ ಜಾಗದಲ್ಲಿದ್ದಳು, ಕೈಕಾಲು ಬೇರೆಯಾಗಿ ಕಾಣದ, ಎಣ್ಣೆ ಕುಡಿದು ಕಪ್ಪಾದ ಹಳೆಯ ಮರದ ದೇವಿ. ಗೋಡೆಯುದ್ದಕ್ಕೂ ಬಟ್ಟೆಗಳು. ನಡುವಯಸ್ಸಿನ ಹೆಂಗಸರೆಲ್ಲ ಅಲ್ಲಿ ನಿಂತಿದ್ದರು, ಹಬ್ಬಕ್ಕೆ ಬಂದವರು ಕೆಲವರು, ಇದನ್ನು ನೋಡಲೆಂದೇ ಬಂದವರು ಹಲವರು. ಕಂಬಕ್ಕೆ ಒರಗಿ ಕುಂಬಾರನ ಸೊಸೆ, ಅವಳ ತೋಳು ಹಿಡಿದುಕೊಂಡು ಅತ್ತೆ. ಬಿತ್ತೊ ಬೀಗದ ಕೈ ಹಿಡಿದು ನಡುವೆ ನಿಂತಿದ್ದಳು, ಪೂಜಾರಿಣಿಯಾದ ಮೇಲೆ ದಪ್ಪಗಾಗಿದ್ದಾಳೆ.

"ಬಂದ್ಯಾ. ಬರಲ್ವೇನೋ ಅಂದ್ಕೊಂಡಿದ್ದೆ," ಎಂದಳು ಬಿತ್ತೊ.

"ಹಾಡೋಳು ನಾನು. ಬರದೆ ಹೇಗಿರ್ಲಿ."

"ಹಾಡು ಆಮೇಲೆ ಆಗುತ್ತೆ. ಮೊದ್ಲು ಗೋಡೆ." ಬಿತ್ತೊ ಸ್ವಲ್ಪ ಹತ್ತಿರ ಬಂದಳು. "ನಾನು ಕೆಟ್ಟೋಳಲ್ಲ ಕಣೆ. ಮಿರ್ತೊನ ನಾನೂ ಎತ್ತಿ ಆಡಿಸಿದೋಳೇ. ಆದ್ರೆ ಈ ಹುಡುಗಿ ಮುಖ ನೋಡು ಒಂದ್ಸಲ."

"ನೋಡ್ದೆ."

"ಗೋಡೆ ಬದುಕಿದೋರದ್ದು. ಬದುಕಿದೋಳ ಬಟ್ಟೆ ಮಾತ್ರ ಇಲ್ಲಿರ್ಬೇಕು."

"ನನ್ನ ಮಗಳು ಹೆತ್ತಿದಾಳೆ."

"ಹೆತ್ತಳು. ಸತ್ತಳು."

ಹೆಂಗಸರು ತಲೆ ತಗ್ಗಿಸಿದರು. ಹಬ್ಬದ ದಿನ ಗುಡಿಯೊಳಗೆ ಆಡಬಾರದ ಮಾತು ಅದು, ಆಡಿದವಳು ಪೂಜಾರಿಣಿ. ಬಿತ್ತೊ ತುಟಿಯ ಮೇಲೆ ಕೈಯಿಟ್ಟುಕೊಂಡಳು, ತಪ್ಪು ತನ್ನಿಂದಾಯಿತೆಂಬ ನಾಚಿಕೆ ಅವಳ ಮುಖದಲ್ಲಿ ಸಿಟ್ಟಾಗಿ ತಿರುಗಿತು.

"ನೋಡು, ನನ್ನ ಬಾಯಿನೂ ಕೆಡಿಸ್ದೆ. ಎಲ್ಲರ ಹಾಗೆ ಇರೋದು ನಿನಗೆ ಯಾವತ್ತೂ ಆಗಲ್ಲ ಅಲ್ವಾ? ಇಲ್ಲಿರೋ ಒಬ್ಬೊಬ್ಬಳೂ ಈ ಗೋಡೆಗೆ ಬಟ್ಟೆ ಹಾಕಿದಾಳೆ. ನೀನು ಹೆತ್ತಾಗ ಹಾಕಿದ್ಯಾ? ಬಟ್ಟೆನ ನುಸಿ ತಿನ್ನುತ್ತೆ, ಅದರ ಬದಲು ಹಾಡು ಕೊಡ್ತೀನಿ ಅಂದೆ. ಇಷ್ಟು ಬಟ್ಟೆಲಿ ನಿನ್ನದು ಅಂತ ಒಂದು ಎಳೆ ದಾರ ಇಲ್ಲ. ಆವತ್ತೂ ಜಂಬ, ಇವತ್ತೂ ಜಂಬ."

ಹಿಂದಿನಿಂದ ಯಾರೋ ನಗು ತಡೆದ ಸದ್ದು ಬಂತು. ತಿಮಾರೆತೆಯ ಕಿವಿ ಸುಟ್ಟವು. ಹೌದು, ಹಾಗೇ ಹೇಳಿದ್ದಳು. ಎಷ್ಟು ಚಿಕ್ಕವಳಿದ್ದಳು ಆಗ, ಮಿರ್ತೊ ಎದೆಗಂಟಿಕೊಂಡು ಹಾಲು ಕುಡಿಯುತ್ತಿದ್ದಳು, ಒಂದೊಂದು ಗುಟುಕಿಗೂ ಒಂದೊಂದು ಸಾಲು ಬರುತ್ತಿತ್ತು, ಎಲ್ಲ ಬಾಣಂತಿಯರೂ ಬಟ್ಟೆ ಹೊತ್ತು ನಡೆದರೆ ತಾನು ಬರಿಗೈಯಲ್ಲಿ ನಡೆದು ಗಂಟಲೆತ್ತಿ ಹಾಡಿ ಬಂದಿದ್ದಳು. ಮುದುಕಿ ಪೂಜಾರಿಣಿ ಒಪ್ಪಿಕೊಂಡಿದ್ದಳು. ಒಂದು ಎಳೆ ದಾರ ಇಲ್ಲ. ಬಿತ್ತೊ ಚುಚ್ಚಲೆಂದು ಆಡಿದ ಮಾತು ಚುಚ್ಚಿತು, ನಿಜ, ಆದರೆ ಆ ಮಾತು ಮನಸ್ಸಿನಲ್ಲಿ ತಿರುಗತೊಡಗಿತು. ತಿಮಾರೆತೆ ಗೋಡೆಯ ಬಳಿಗೆ ಹೋಗಿ ಗೂಟದಿಂದ ಮಗಳ ಬಟ್ಟೆಯನ್ನು ಇಳಿಸಿದಳು. ಉಣ್ಣೆ ಹಗುರವಾಗಿತ್ತು, ಸ್ವಲ್ಪ ದೂಳು ಕೂತಿತ್ತು. ಬಿತ್ತೊ ಉಸಿರು ಬಿಟ್ಟು, ಹಿಂಬಾಗಿಲ ಕಡೆ, ಬಂಡೆಯ ಕಡೆ, ಕೈ ತೋರಿಸಿದಳು. ತಿಮಾರೆತೆ ಅತ್ತ ಹೋಗಲಿಲ್ಲ. ಬಟ್ಟೆಯನ್ನು ಕೊಡವಿ, ಎಲ್ಲರೂ ನೋಡುತ್ತಿದ್ದಂತೆ ತನ್ನ ಹೆಗಲಿಗೆ ಹಾಕಿಕೊಂಡು, ಎರಡೂ ಕಡೆ ಪಿನ್ನು ಚುಚ್ಚಿಕೊಂಡಳು. ಮಿರ್ತೊ ಎತ್ತರದವಳು, ಅಂಚು ನೆಲಕ್ಕೆ ಎಳೆಯುತ್ತಿತ್ತು.

"ಏನೇ ಇದು?" ಎಂದಳು ಬಿತ್ತೊ.

"ನೀನು ಹೇಳಿದ್ದೇ. ಒಂದು ಎಳೆ ದಾರ ಇಲ್ಲ ಅಂದೆಯಲ್ಲ. ಈ ಬಟ್ಟೆ ಈಗ ನಂದು, ಮಗಳು ನೇಯ್ದು ಅಮ್ಮನಿಗೆ ಬಿಟ್ಟು ಹೋದದ್ದು. ನಾನೂ ಒಂದು ಮಗು ಹೆತ್ತಿದೀನಿ. ಹೆತ್ತು ಬದುಕಿದೀನಿ, ನಿನ್ನ ಕಣ್ಮುಂದೆ ನಿಂತಿದೀನಿ. ಆ ಹೆರಿಗೆಗೆ ಇವತ್ತು ಬಟ್ಟೆ ಕೊಡ್ತೀನಿ."

"ಒಂದು ಹೆರಿಗೆಗೆ ಒಂದೇ ಕಾಣಿಕೆ. ನೀನು ಹಾಡು ಕೊಟ್ಟಾಗಿದೆ."

"ಹಾಡನ್ನ ವಾಪಸ್ ತಗೊಂಡೆ."

"ವಾಪಸ್ ತಗೊಳ್ಳೋಕೆ ಅದೇನು ಮಡಕೆನೇ?"

"ಅಲ್ವಲ್ಲ, ಅದಕ್ಕೇ ಬದಲಿಗೆ ಬಟ್ಟೆ. ದೇವಿಗೇನೂ ನಷ್ಟ ಇಲ್ಲ, ನೀನೇ ಹೇಳ್ದೆ, ಎಲ್ಲರೂ ಬಟ್ಟೆನೇ ಕೊಡೋದು."

ಬಿತ್ತೊ ಕಟ್ಟಳೆ ಬಲ್ಲವಳು, ಬಲ್ಲವಳಾದ್ದರಿಂದಲೇ ಇದರಲ್ಲಿ ಕೂದಲೆಳೆಯಷ್ಟೂ ತಪ್ಪು ಸಿಗಲಿಲ್ಲ. ತಿಮಾರೆತೆ ಪಿನ್ನು ಬಿಚ್ಚಿದಳು. ತನ್ನ ಮೈಯ ಬಿಸಿ ಹಿಡಿದ ಬಟ್ಟೆಯನ್ನು ಅದೇ ಗೂಟಕ್ಕೆ ಮತ್ತೆ ತೂಗುಹಾಕಿದಳು, ಮಡಿಕೆಗಳನ್ನು ಬೆರಳಿನಿಂದ ನೇರ ಮಾಡಿದಳು. ಆಮೇಲೆ ಕುಂಬಾರನ ಸೊಸೆಯ ಕಡೆ ತಿರುಗಿ, "ಬಾ ಮಗಳೇ, ಮುಟ್ಟು," ಎಂದಳು. "ಬದುಕಿದೋಳ ಬಟ್ಟೆ ಇದು. ಈ ಮುದುಕಿ ಇನ್ನೂ ಗಟ್ಟಿಯಾಗಿದಾಳೆ ನೋಡು." ಹುಡುಗಿ ಅತ್ತೆಯ ಮುಖ ನೋಡಿದಳು, ಬಿತ್ತೊಳ ಮುಖ ನೋಡಿದಳು. ಬಿತ್ತೊ ಬೇಡವೆನ್ನಲಿಲ್ಲ. ಹುಡುಗಿ ಬಂದು ಅಂಚಿನ ಒಂದು ಮೂಲೆಯನ್ನು ಹಿಡಿದು ಹೊಟ್ಟೆಗೆ ಒತ್ತಿಕೊಂಡಳು. ತಿಮಾರೆತೆ ಅವಳ ಕೈಯ ಮೇಲೆ ತನ್ನ ಕೈ ಇಟ್ಟಳು.

ಬಾಗಿಲು ದಾಟುವಾಗ ಬಿತ್ತೊ ಅವಳ ತೋಳು ಹಿಡಿದಳು. ಯಾರಿಗೂ ಕೇಳದಂತೆ, ಹಳೆಯ ಗೆಳತಿಯ ದನಿಯಲ್ಲಿ ಹೇಳಿದಳು: "ಹಾಡು ಯಾಕೆ ವಾಪಸ್ ತಗೊಂಡೆ ಅಂತ ನನಗೆ ಗೊತ್ತಾಗಲ್ಲ ಅಂದ್ಕೋಬೇಡ. ಈಗ ಅದು ನಿನ್ನದು, ಅದನ್ನ ಏನೋ ಮಾಡ್ತೀಯ ನೀನು. ನಿನಗೊಬ್ಬ ಮೊಮ್ಮಗಳಿದಾಳೆ ಕಣೆ. ಹೆಣ್ಣುಮಗು. ನಾಳೆ ಅವಳೂ ಹೆರ್ಬೇಕು."

ತಿಮಾರೆತೆ ತೋಳು ಬಿಡಿಸಿಕೊಂಡು ಬಿಸಿಲಿಗೆ ಬಂದು ಹುಡುಗಿಯರ ಮುಂದೆ ನಿಂತಳು. ಸಾರುವವನು ಕೋಲೆತ್ತಿ, ಎಲ್ಲರೂ ಒಳ್ಳೆಯದನ್ನೇ ನುಡಿಯಿರಿ, ಕೆಟ್ಟ ಮಾತಿದ್ದರೆ ಬಾಯಿ ಮುಚ್ಚಿಕೊಳ್ಳಿರಿ ಎಂದು ಕೂಗಿದ. ಗಂಡಸರ ಗುಂಪಿನಲ್ಲಿ ಫಾನಿಯಸ್ ಕಂಡ, ಅವನ ತೋಳಿನಲ್ಲಿ ಮಗು, ಬಿಸಿಲು ತಾಗದಂತೆ ಅವನು ತನ್ನ ಅಂಗವಸ್ತ್ರವನ್ನು ಅದರ ಮುಖದ ಮೇಲೆ ಹಿಡಿದಿದ್ದ. ಅಷ್ಟು ಚಿಕ್ಕ ತಲೆ. ಸುಮ್ಮನೆ ಹಳೆಯದನ್ನೇ ಹಾಡಿಬಿಡಬಹುದು. ಬಟ್ಟೆ ಗೋಡೆಯ ಮೇಲಿದೆ, ಗೆದ್ದಾಗಿದೆ, ಇನ್ನೇನು ಬೇಕು? ಮೆತ್ತಗೆ ಬರುವುದು ತಾಯೇ ನಿನ್ನ ಬಾಣ. ದೇವಿಗೆ ಇಷ್ಟವಾದ ಸಾಲು, ಊರಿಗೆ ಇಷ್ಟವಾದ ಸಾಲು. ಈ ಮಗು ಬೆಳೆಯುತ್ತದೆ, ಕೇಸರಿ ಉಟ್ಟು ಇದೇ ಅಂಗಳದಲ್ಲಿ ಅದನ್ನೇ ಹಾಡುತ್ತದೆ, ನಂಬುತ್ತದೆ. ಒಂದು ದಿನ ಅದಕ್ಕೂ ನೋವು ಬರುತ್ತದೆ. ಆಗ, ಎಲ್ಲರಿಗೂ ಮೆತ್ತಗೆ ಬಂದದ್ದು ನನಗ್ಯಾಕೆ ಹೀಗೆ, ನಾನೇನು ತಪ್ಪು ಮಾಡಿದೆ ಎಂದು ಗೋಡೆಯ ಕಡೆ ಮುಖ ಮಾಡಿಕೊಳ್ಳುತ್ತದೆ.

ತಿಮಾರೆತೆ ಹಾಡು ಎತ್ತಿಕೊಂಡಳು. ದನಿ ಮೊದಲ ಸಾಲಿನಲ್ಲಿ ಸ್ವಲ್ಪ ಬಿರಿಯಿತು, ಎರಡನೆಯದರಲ್ಲಿ ನೆಲೆ ಕಂಡಿತು. ಬೆಟ್ಟದ ಒಡತಿ, ಜಿಂಕೆಗಳ ಒಡತಿ, ಹುಡುಗಿಯರ ಒಡತಿ ಎಂದು ಅವಳು ಹೇಳುತ್ತ ಹೋದಳು, ಹುಡುಗಿಯರು ಹಿಂದೆಯೇ ಹೇಳುತ್ತ ಬಂದರು, ಕಾಲುಗಳು ನೆಲಕ್ಕೆ ಒಟ್ಟಿಗೆ ಬಿದ್ದವು. ಆ ಸಾಲು ಬಂದಾಗ ಗ್ಲೌಕೆ ರೂಢಿಯಂತೆ ತಾನೇ ಹೇಳಲು ಉಸಿರೆಳೆದುಕೊಂಡಳು. ತಿಮಾರೆತೆ ಕೈಯೆತ್ತಿ ಅವಳನ್ನು ತಡೆದಳು. ತೆರೆದ ಬಾಗಿಲೊಳಗೆ, ಕಪ್ಪು ಮರದ ದೇವಿಯ ಮುಖವನ್ನೇ ನೋಡುತ್ತ ಹಾಡಿದಳು:

ಮೆತ್ತಗಲ್ಲ ತಾಯೇ ನಿನ್ನ ಬಾಣ, ಹೊಡೆಸಿಕೊಂಡವಳು ಬಲ್ಲಳು.

ಹುಡುಗಿಯರು ಹೇಳಲಿಲ್ಲ. ಎತ್ತಿದ ಕಾಲುಗಳು ಹಾಗೇ ನಿಂತವು. ಸಾರುವವನು ಕೋಲು ಹಿಡಿದು ಬಿತ್ತೊಳ ಕಡೆ ನೋಡಿದ, ಬಿತ್ತೊ ನೆಲ ನೋಡುತ್ತಿದ್ದಳು. ಗಂಡಸರಲ್ಲಿ ಯಾರೋ ಕೆಮ್ಮಿದರು. ಫಾನಿಯಸ್‌ನ ಮುಖ ಅರಳಿತ್ತು, ಅತ್ತೆ ತನ್ನ ಕಡೆ ಬಂದಳೆಂದು ಅವನಿಗೆ ಅನ್ನಿಸಿರಬೇಕು. ತಿಮಾರೆತೆಗೆ ರೇಗಿಹೋಯಿತು. ಪೆದ್ದ, ಬಾಣ ಇಲ್ಲ ಎಂದು ಯಾರು ಹೇಳಿದರು? ಇದೆ ಎಂದಲ್ಲವೇ ತಾನು ಹೇಳುತ್ತಿರುವುದು. ತಾಯೇ, ನೀನು ಇದ್ದೀಯೆ, ದೊಡ್ಡವಳಿದ್ದೀಯೆ, ನಿನ್ನ ಕೈ ಬಿರುಸು, ಅದನ್ನು ನಿನ್ನ ಮುಖಕ್ಕೇ ಹೇಳುವಷ್ಟು ದೊಡ್ಡವಳು ನಾನೂ ಆಗಿದ್ದೇನೆ. ಆ ಸಿಟ್ಟಿನ ನಡುವೆಯೇ ಅವಳ ಒಳಗಿನ ಹಾಡು ಕಟ್ಟುವವಳು ಸಾಲನ್ನು ನಾಲಗೆಯ ಮೇಲೆ ಹೊರಳಿಸಿ ನೋಡಿದಳು: ಹಳೆಯದಕ್ಕಿಂತ ಚೆನ್ನಾಗಿದೆ. ನಿದ್ದೆ ಬಂದ ಹಾಗೆ ಎನ್ನುವಲ್ಲಿ ದನಿ ಜಾರಿಹೋಗುತ್ತಿತ್ತು, ಇಲ್ಲಿ ನಿಲ್ಲುತ್ತದೆ. ಇಂಥ ಹೊತ್ತಿನಲ್ಲೂ ಇದನ್ನೇ ತೂಗುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು, ಆ ನಾಚಿಕೆ ಹೆಚ್ಚು ಹೊತ್ತು ಉಳಿಯಲಿಲ್ಲ.

ಹಿಂದಿನಿಂದ ಒಂದು ಒಡಕು ದನಿ ಅದನ್ನು ಹೇಳಿತು. ಹುಡುಗಿಯರಲ್ಲ, ಹೆಂಗಸರ ಗುಂಪಿನಿಂದ, ಹಾಡು ಬಾರದ ಯಾರೋ ಒಬ್ಬಳು. ಹೊಡೆಸಿಕೊಂಡವಳು ಬಲ್ಲಳು. ಆಮೇಲೆ ಇನ್ನೊಬ್ಬಳು. ಆಮೇಲೆ ಕುಂಬಾರನ ಹೆಂಡತಿ, ಸೊಸೆಯ ತೋಳು ಬಿಡದೆ. ಹೆತ್ತ ಹೆಂಗಸರೆಲ್ಲ ಒಬ್ಬೊಬ್ಬರಾಗಿ, ತಾಳವಿಲ್ಲದೆ, ಶ್ರುತಿಯಿಲ್ಲದೆ, ಬಟ್ಟೆ ಒಗೆಯುವ ಕಡೆ ಮಾತಾಡುವ ದನಿಯಲ್ಲೇ ಹೇಳಿದರು. ನಗು ತಡೆದವಳೂ ಹೇಳಿದಳು. ಬಿತ್ತೊ ತಲೆಯೆತ್ತಲಿಲ್ಲ, ಆದರೆ ಅವಳ ತುಟಿಗಳು ಅಲ್ಲಾಡಿದವು. ಗ್ಲೌಕೆ ಕಣ್ಣರಳಿಸಿ ಅವರನ್ನೆಲ್ಲ ನೋಡಿ, ಕೊನೆಗೆ ಕಾಲು ಕೆಳಗಿಟ್ಟು, ತನ್ನ ಎಳೆಯ ಗಂಟಲಿನಲ್ಲಿ ಎತ್ತಿಕೊಂಡಳು, ಹುಡುಗಿಯರ ಸಾಲಿಗೆ ಸಾಲೇ ಅವಳ ಹಿಂದೆ ಬಂತು. ತಿಮಾರೆತೆ ಮುಂದಿನ ಸಾಲಿಗೆ ಹೋದಳು.

ಬಲಿ ಮುಗಿದು, ಹೊಗೆ ಏಳುತ್ತಿರುವಾಗ, ಜೇನು ಹಚ್ಚಿದ ಜವೆಯ ರೊಟ್ಟಿ ಹಿಡಿದುಕೊಂಡು ಗ್ಲೌಕೆ ಅವಳ ಬಳಿಗೆ ಬಂದಳು. "ಅಮ್ಮಾ, ಸಾಮೊಸಲ್ಲಿ ನಮ್ಮ ಅತ್ತೆ ಮಕ್ಕಳಿಗೆ ಹೊಸ ಸಾಲು ಹೇಳಿಕೊಡ್ತೀನಿ. ಯಾರು ಕಟ್ಟಿದ್ದು ಅಂತ ಕೇಳೇ ಕೇಳ್ತಾರೆ, ಅವರಿಗೆ ಅದೇ ಚಟ. ನಿಮ್ಮ ಹೆಸರೇ ಹೇಳ್ಲಾ?"

ಹೌದೆನ್ನಲು ತಿಮಾರೆತೆಯ ಬಾಯಿ ತೆರೆದೇ ಇತ್ತು, ಬದುಕಿನುದ್ದಕ್ಕೂ ಆ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟು ಗೊತ್ತಿಲ್ಲ. ತನ್ನ ಹಾಡಿನ ಪಕ್ಕ ಇನ್ನೊಬ್ಬರ ಹೆಸರು ಬಂದರೆ ಜಗಳಕ್ಕೆ ನಿಲ್ಲುವವಳು ಅವಳು. ಹಬ್ಬದ ದಿನ ಹೋದವರ ಹೆಸರು ಎತ್ತಬಾರದು ಎಂಬುದು ನೆನಪಾಯಿತು.

"ಬೇಡ. ಆ ಸಾಲು ನಂದಲ್ಲ," ಎಂದಳು. "ಮಿರ್ತೊ ಕಟ್ಟಿದ್ದು ಅನ್ನು."

ಗ್ಲೌಕೆ ತಲೆಯಾಡಿಸಿ ಹೊರಟಳು. ತಿಮಾರೆತೆ ಅವಳನ್ನು ಮತ್ತೆ ಕರೆದಳು.

"ತಿಮಾರೆತೆಯ ಮಗಳು ಮಿರ್ತೊ ಅನ್ನು. ಅದನ್ನ ಬಿಟ್ಟುಬಿಟ್ಟೀಯ ಮತ್ತೆ."